ಸಗರನಾಡಿನ ಕಲ್ಲು, ಕೆರೆ ಮತ್ತು ರೊಟ್ಟಿ

ಕರ್ನಾಟಕದ ಉತ್ತರ ಭಾಗವನ್ನು ನೋಡಬೇಕೆಂದು ಹೊರಡುವವರು ವಿಜಯಪುರದ ಗೋಲಗುಮ್ಮಟದ ಕೆಳಗೆ ನಿಂತು ಕೂಗಿ ಪ್ರತಿಧ್ವನಿಯನ್ನು ಕೇಳುತ್ತಾರೆ. ಕಲಬುರಗಿಗೆ ಬಂದು ಬಂದೇನವಾಜರ ದರ್ಗೆಗೂ ಶರಣಬಸವೇಶ್ವರರ ಗುಡಿಗೂ ಹೋಗಿ ನಮಸ್ಕರಿಸುತ್ತಾರೆ. ಅಲ್ಲಿಂದ ರಾತ್ರಿಯ ಗಾಡಿಗೆ ಊರಿಗೆ ಮರಳುತ್ತಾರೆ. ಅದಕ್ಕೂ ದಕ್ಷಿಣಕ್ಕೆ, ಭೀಮಾ ಕೃಷ್ಣಾ ನದಿಗಳು ಒಂದನ್ನೊಂದು ಸಮೀಪಿಸುತ್ತ ಹರಿಯುವ ಸೀಮೆಯಲ್ಲಿ, ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ಊರುಗಳಿವೆಯೆಂಬುದು ಅವರ ಲೆಕ್ಕಕ್ಕೆ ಬರುವುದೇ ಇಲ್ಲ. ನಾನು ಅತ್ತ ಹೊರಟಿರುವೆನೆಂದು ಹೇಳಿದಾಗ ಬೆಂಗಳೂರಿನ ಮಿತ್ರರೊಬ್ಬರು, “ಅಲ್ಲಿ ನೋಡುವುದಕ್ಕೆ ಏನಿದೆ, ಬಿಸಿಲಿನ ಹೊರತು?” ಎಂದರು.

ಬಿಸಿಲು ಇರುವುದು ನಿಜ. ವೈಶಾಖದಲ್ಲಿ ಪಾದರಸವು ನಲವತ್ತು ಡಿಗ್ರಿಗಳ ಮೇಲಕ್ಕೆ ಏರಿ ಅಲ್ಲಿಯೇ ಬೀಡುಬಿಡುತ್ತದೆ. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಂತಹ ಭವ್ಯ ಕಟ್ಟಡ ಇಲ್ಲಿಲ್ಲ. ಲಾಲ್‌ಬಾಗಿನಂತಹ ಉದ್ಯಾನವೂ ಇಲ್ಲ. ಆದರೂ ಮನುಷ್ಯನು ಕಲ್ಲನ್ನು ಕೆತ್ತಿ ಆಯುಧ ಮಾಡಿದ ಅತ್ಯಂತ ಹಳೆಯ ನೆಲೆಗಳಲ್ಲಿ ಒಂದನ್ನು ನೋಡಬೇಕೆಂದರೆ ಭಾರತದಲ್ಲಿ ಸುರಪುರದ ಸೀಮೆಗೇ ಬರಬೇಕು. ಮರದ ನೆರಳಿನಲ್ಲಿ ಕುಳಿತು, ನೆಲದಲ್ಲಿ ಬೆಳೆದ ಕಾಳು ಸೊಪ್ಪುಗಳಿಂದಲೇ ಆದ ಊಟವನ್ನು ಹೊಟ್ಟೆತುಂಬ ಉಣ್ಣಬೇಕೆಂದರೂ ಇದಕ್ಕಿಂತ ಒಳ್ಳೆಯ ಸ್ಥಳವನ್ನು ನಾನರಿಯೆ.

ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲುಮಾರ್ಗದ ಮೇಲೆ ಯಾದಗಿರಿ ಇದೆ. ಕಲಬುರಗಿ ಜಿಲ್ಲೆಯ ಒಂದು ತಾಲೂಕು ಕೇಂದ್ರವಾಗಿದ್ದ ಈ ಊರು 2009–10ರಲ್ಲಿ ಪ್ರತ್ಯೇಕ ಜಿಲ್ಲೆಯ ಮುಖ್ಯಪಟ್ಟಣವಾಯಿತು. ಊರಿನ ಬೆನ್ನಿಗೇ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಯಾರೋ ದೈತ್ಯ ಮಕ್ಕಳು ಆಟವಾಡಿ ಬಿಟ್ಟುಹೋದಂತೆ ಒಂದರ ಮೇಲೊಂದು ಕುಳಿತಿರುವ ಹೆಬ್ಬಂಡೆಗಳ ನಡುವೆ ಗೋಡೆಯನ್ನು ಎಬ್ಬಿಸಿದ್ದಾರೆ. ಬಂಡೆ ಎಲ್ಲಿ ಮುಗಿದು ಗೋಡೆ ಎಲ್ಲಿ ಆರಂಭವಾಯಿತೆಂದು ಅನೇಕ ಕಡೆ ಗೊತ್ತಾಗುವುದಿಲ್ಲ. ಯಾದವರಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುತ್ತಾರೆ. ಚಾಲುಕ್ಯರು, ಬಹಮನಿಗಳು, ಆದಿಲಶಾಹಿಗಳು, ನಿಜಾಮರು ಎಲ್ಲರೂ ಇಲ್ಲಿ ಹಾದುಹೋದವರೇ. ಮೇಲೆ ನೀರಿನ ಹೊಂಡಗಳಿವೆ, ಗುಡಿಯಿದೆ, ಮಸೀದಿಯಿದೆ, ಬಿಸಿಲಿಗೆ ಮೈಕಾಯಿಸುತ್ತ ಬಿದ್ದಿರುವ ತೋಪುಗಳಿವೆ. ಸೂರ್ಯ ಏರುವ ಮೊದಲೇ ಹತ್ತಿ ಇಳಿದುಬಿಡುವುದು ಒಳಿತು. ಇಳಿದ ಮೇಲೆ ನಿಲ್ದಾಣದ ರಸ್ತೆಯಲ್ಲಿ ಬಿಸಿ ಸುಸಲಾ ಮತ್ತು ಮಿರ್ಚಿ ಭಜಿ ಸಿಗುತ್ತವೆ. ಚುರುಮುರಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿಗಳ ಒಗ್ಗರಣೆಯಲ್ಲಿ ಹೊರಳಿಸಿ, ಪುಠಾಣಿಯ ಹಿಟ್ಟನ್ನು ಉದುರಿಸಿದ ಈ ತಿಂಡಿ ದಕ್ಷಿಣದ ಉಪ್ಪಿಟ್ಟಿಗಿಂತ ಹಗುರ. ಬಿಸಿಲಿನಲ್ಲಿ ತಿರುಗುವವನಿಗೆ ಹೇಳಿಮಾಡಿಸಿದ್ದು.

ಯಾದಗಿರಿಯಿಂದ ಭೀಮೆಯನ್ನು ದಾಟಿ ಸುಮಾರು 35 ಕಿಲೋಮೀಟರು ಹೋದರೆ ಶಹಾಪುರ. ದಾರಿಯ ಎರಡು ಕಡೆಗೂ ತೊಗರಿ, ಹತ್ತಿ, ಜೋಳ. ಈ ಸೀಮೆಗೆ ಸಗರನಾಡು ಎಂದು ಹೆಸರು. ಸಗರ ಎಂಬ ಹಳ್ಳಿ ಶಹಾಪುರದ ಬಳಿಯಲ್ಲಿಯೇ ಇದೆ. ಊರನ್ನು ಸಮೀಪಿಸುತ್ತಿದ್ದಂತೆ ಮೋಟಾರಿನಲ್ಲಿದ್ದವರೆಲ್ಲ ಒಂದೇ ಕಡೆಗೆ ಕೈತೋರಿಸಲಾರಂಭಿಸಿದರು. ಬೆಟ್ಟದ ಸಾಲು ಆಕಾಶಕ್ಕೆ ಮುಖಮಾಡಿ ಮಲಗಿದ ಮನುಷ್ಯನಂತೆ ಕಾಣುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಅಲ್ಲಲ್ಲಿಗೆ ಸರಿಯಾಗಿವೆ. ಇದೇ ಶಹಾಪುರದ ಮಲಗಿದ ಬುದ್ಧ. ಬೆಟ್ಟವೊಂದೇ ಅಲ್ಲ, ನಾಲ್ಕು ಬೆಟ್ಟಗಳು ಒಂದರ ಹಿಂದೊಂದು ನಿಂತು ಈ ರೂಪವನ್ನು ಕೊಟ್ಟಿವೆ. ಆದುದರಿಂದ ಹತ್ತಿರ ಹೋದಷ್ಟೂ ಬುದ್ಧ ಚದುರಿಹೋಗುತ್ತಾನೆ. ಇದನ್ನು ಯಾರೂ ಕೆತ್ತಲಿಲ್ಲ. ಆದರೆ ಬುದ್ಧನ ಸಂಬಂಧ ಈ ಸೀಮೆಗೆ ಬರಿಯ ಕಲ್ಪನೆಯದೂ ಅಲ್ಲ: ಭೀಮೆಯ ದಡದ ಸನ್ನತಿಯಲ್ಲಿ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ದೊರೆತಿದೆ, ಅದರ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಸ್ತೂಪವೇ ಹೊರಬಂದು, ಅದರ ಫಲಕವೊಂದರಲ್ಲಿ ಅಶೋಕನ ಹೆಸರಿನೊಡನೆ ಅವನ ಚಿತ್ರವೂ ಕಂಡಿತು. ಶಹಾಪುರದಲ್ಲಿ ಚರಬಸವೇಶ್ವರರ ಗದ್ದುಗೆಯನ್ನು ದರ್ಶನಮಾಡಿ, ಶಿರವಾಳದ ಹಳೆಯ ಗುಡಿಗಳ ಗುಂಪನ್ನು ನೋಡಿಕೊಂಡು ನಾವು ಮುಂದೆ ಹೊರಟೆವು. ಶಿರವಾಳಕ್ಕೆ ಒಂದು ಇಡೀ ದಿನವನ್ನು ಕೊಡಬೇಕು. ನಮ್ಮಲ್ಲಿ ಅಷ್ಟು ಸಮಯವಿರಲಿಲ್ಲ.

ಸುರಪುರವು ಗುಡ್ಡಗಳ ಮಡಿಲಲ್ಲಿ ಅಡಗಿದ ಊರು. ರಸ್ತೆ ಏರಿ ತಿರುಗುವವರೆಗೆ ಇಲ್ಲಿ ಒಂದು ಪಟ್ಟಣವಿದೆಯೆಂದು ತಿಳಿಯದು. ಹಾಗೆ ಅಡಗಿರುವುದಕ್ಕೆ ಕಾರಣವುಂಟು. ಇಲ್ಲಿನ ಬೇಡ ನಾಯಕರ ಹಿಂದಿನ ರಾಜಧಾನಿ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರು ದೂರದ ವಾಗಣಗೇರಿ. 1705ರಲ್ಲಿ ಔರಂಗಜೇಬನು ತಾನೇ ದಂಡೆತ್ತಿ ಅದಕ್ಕೆ ಮುತ್ತಿಗೆ ಹಾಕಿದನು. ಆಗ ಅವನಿಗೆ ಎಂಬತ್ತಾರು ವರ್ಷ. ಅವನು ಸ್ವತಃ ನಡೆಸಿದ ಕೊನೆಯ ಮುತ್ತಿಗೆ ಅದು. ಫೆಬ್ರವರಿಯಲ್ಲಿ ಆರಂಭವಾದ ಕಾಳಗ ಏಪ್ರಿಲ್ ಕೊನೆಯವರೆಗೂ ನಡೆದು ಕೋಟೆ ಕೈವಶವಾದಾಗ ಒಳಗೆ ನಾಯಕನೂ ಇರಲಿಲ್ಲ, ಅವನ ದಂಡೂ ಇರಲಿಲ್ಲ. ರಾತ್ರೋರಾತ್ರಿ ಅವರು ಜಾರಿಹೋಗಿದ್ದರು. ಬರಿದಾದ ಕೋಟೆಯನ್ನು ಗೆದ್ದ ಮುದಿ ಬಾದಶಹನು ಕೃಷ್ಣೆಯ ಸಮೀಪದ ದೇವಾಪುರಕ್ಕೆ ಬಂದು ವಿಶ್ರಮಿಸುತ್ತಿರುವಾಗ ಕಾಯಿಲೆ ಬಿದ್ದು, ಬದುಕುವನೋ ಇಲ್ಲವೋ ಎಂಬಂತಾಗಿ, ತಿಂಗಳುಗಟ್ಟಲೆ ಅಲ್ಲಿಯೇ ಉಳಿದನು. ಎರಡು ವರ್ಷಗಳಲ್ಲಿ ಅಹಮದನಗರದಲ್ಲಿ ಅವನ ಕಾಲವಾಯಿತು. ನಾಯಕರು ಸುರಪುರದಲ್ಲಿ ಮತ್ತೆ ಊರು ಕಟ್ಟಿದರು. ವೇಣುಗೋಪಾಲನಿಗೆ ಗುಡಿ ಕಟ್ಟಿದರು. ಗೋಕುಲಾಷ್ಟಮಿಯ ಹಾಲೋಕುಳಿಯಲ್ಲಿ ಜಾರುವ ಕಂಬವನ್ನು ತರುಣರು ಏರುವುದನ್ನು ನೋಡಲು ಈಗಲೂ ಸುತ್ತಲಿನ ಹಳ್ಳಿಗಳೆಲ್ಲ ನೆರೆಯುತ್ತವೆ. ನಾಯಕರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಚಿತ್ರಕಾರರು ಚಿನ್ನದ ರೇಕುಗಳನ್ನು ಹಚ್ಚಿ ಕಿರುಚಿತ್ರಗಳನ್ನು ಬರೆದರು. ಮೈಸೂರಿನ ಶೈಲಿಯನ್ನೂ ತಂಜಾವೂರಿನ ಶೈಲಿಯನ್ನೂ ಬಲ್ಲ ರಸಿಕರಲ್ಲಿ ಸುರಪುರದ ಶೈಲಿಯೆಂಬುದು ಒಂದಿದೆಯೆಂದು ಬಲ್ಲವರೆಷ್ಟು ಮಂದಿ?

ಊರಿನ ಮೇಲಿನ ಗುಡ್ಡದಲ್ಲಿ ಟೇಲರ್ ಮಂಜಿಲ್ ಇದೆ. ಇದನ್ನು ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್, ಕಟ್ಟಿಸಿದ್ದು 1844ರಲ್ಲಿ. ಅದೇ ವರ್ಷ ಅವನ ಹೆಂಡತಿ ತೀರಿಕೊಂಡಳು. ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿ, ಹದಿನೈದರ ಪ್ರಾಯದಲ್ಲಿಯೇ ಹೊಟ್ಟೆಪಾಡಿಗೆಂದು ಭಾರತಕ್ಕೆ ಬಂದು, ನಿಜಾಮನ ಸೈನ್ಯವನ್ನು ಸೇರಿದವನು ಈತ. ಠಕ್ಕರನ್ನು ಕುರಿತು 1839ರಲ್ಲಿ ಬರೆದ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಮನೆಮಾತಾದನು. 1841ರಿಂದ 1853ರವರೆಗೆ ಸುರಪುರದ ಆಡಳಿತ ಅವನ ಕೈಯಲ್ಲಿತ್ತು. ರಾಜ ವೆಂಕಟಪ್ಪ ನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮನಿಗೂ ಟೇಲರನಿಗೂ ಹೊಂದಿಕೆಯಿರಲಿಲ್ಲ. ಬಾಲಕ ಮಾತ್ರ ಅವನನ್ನು “ಅಪ್ಪಾ” ಎಂದೇ ಕರೆಯುತ್ತಿದ್ದನು. ಮೆಡೋಸ್ ಎಂಬ ಹೆಸರು ನಾಲಗೆಗೆ ತೊಡರುತ್ತಿದ್ದುದರಿಂದ ಜನ ಅವನನ್ನು ಮಹಾದೇವ ಬಾಬಾ ಎಂದು ಮಾಡಿಕೊಂಡರು.

ಬೋನಾಳದ ಕೆರೆಯನ್ನು ನೋಡಿದವರಿಗೆ ಜನ ಹಾಗೆ ಕರೆದುದರ ಕಾರಣ ಹೊಳೆಯುತ್ತದೆ. ಸುರಪುರದಿಂದ ಸುಮಾರು ಹತ್ತು ಕಿಲೋಮೀಟರು ದೂರದ ಈ ಕೆರೆಗೆ ನಾಯಕರ ಕಾಲದ ಮೂಲವಿದೆ. ಇಂದಿನ ವಿಸ್ತಾರವನ್ನು ಕೊಟ್ಟವನು ಟೇಲರ್. ಬಿಸಿಲಿನ ಸೀಮೆಯಲ್ಲಿ ಇಷ್ಟು ನೀರು ಒಂದೆಡೆ ಕಂಡಾಗ ಕಣ್ಣು ತಾನಾಗಿಯೇ ತಣಿಯುತ್ತದೆ. ಇದು ಈಗ ಪಕ್ಷಿಧಾಮ. ಕೊಕ್ಕರೆ, ಬೆಳ್ಳಕ್ಕಿ, ಕೆಂಬರಲುಗಳು ನೀರಿನ ಅಂಚಿನ ಜಾಲಿಮರಗಳ ಮೇಲೆ ಸಂತೆ ಕೂಡಿಸಿರುತ್ತವೆ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳೂ ಬರುತ್ತವೆ. ಯಾರೂ ಪಾತಿ ಮಾಡಿ ಹೂವಿನ ಗಿಡಗಳನ್ನು ನೆಡದಿದ್ದರೂ ಸುರಪುರಕ್ಕೆ ಇದೇ ಉದ್ಯಾನ. ಏರಿಯ ಮೇಲೆ ಕುಳಿತ ಕುರಿಗಾಹಿ ಮುದುಕರೊಬ್ಬರನ್ನು, “ಈ ಕೆರೆ ಯಾರು ಕಟ್ಟಿಸಿದ್ದು, ಅಜ್ಜಾ?” ಎಂದು ಕೇಳಿದೆ. “ಸಾಯೇಬ ಕಟ್ಟಸ್ಯಾನ್ರಿ. ಆದ್ರ ನೆಲ ರಾಜಂದು, ಮಣ್ಣು ಹೊತ್ತಾವ್ರು ನಮ್ಮ ಮಂದಿ” ಎಂದರು. ಇತಿಹಾಸದ ಪ್ರಾಧ್ಯಾಪಕರೂ ಇದಕ್ಕಿಂತ ಖಚಿತವಾಗಿ ಹೇಳಲಾರರು.

1853ರಲ್ಲಿ ರಾಜನಿಗೆ ಅಧಿಕಾರವನ್ನು ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದನು. ಹೋಗುವ ಮೊದಲು ಅವನಿಗೊಂದು ಸಂಗತಿ ತಿಳಿದಿತ್ತು: ಜಾತಕದ ಪ್ರಕಾರ ರಾಜನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟುವುದಿಲ್ಲವೆಂಬುದು. ಅದನ್ನು ಅವನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ಕತ್ತಿ ಹಿರಿದನು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಆದರೆ ಇನ್ನಷ್ಟು ದಂಡು ಬರುತ್ತಲೇ ರಾಜನು ಊರನ್ನು ಬಿಟ್ಟು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ಸೆರೆಯಲ್ಲಿದ್ದ ರಾಜನನ್ನು ಟೇಲರ್ ಕಂಡನು. ಸೆರೆಮನೆಯಲ್ಲಿ ಕೊಳೆಯುವುದಕ್ಕಿಂತ ಸಾವೇ ಲೇಸೆಂದು ರಾಜನು ಅವನಿಗೆ ಹೇಳಿದನಂತೆ. ಮರಣದಂಡನೆ ಕಡಿಮೆಯಾಗುತ್ತ ಕೊನೆಗೆ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಬಂಧನಕ್ಕೆ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ರಾಜನು ತನ್ನನ್ನು ತಾನೇ ಕೊಂದುಕೊಂಡನೆಂದು ಟೇಲರನ ಬರವಣಿಗೆ. ಸುರಪುರದಲ್ಲಿ ಈ ಮಾತನ್ನು ಒಪ್ಪದವರು ಇದ್ದಾರೆ. ಅವರ ಪಾಲಿಗೆ ಅದು ಕೊಲೆ. ಸಂಸ್ಥಾನವನ್ನು ಇಂಗ್ಲಿಷರು ವಶಪಡಿಸಿಕೊಂಡು, ದಂಗೆಯ ಕಾಲದಲ್ಲಿ ತಮ್ಮ ಪಕ್ಷದಲ್ಲಿ ನಿಂತುದಕ್ಕಾಗಿ 1860ರಲ್ಲಿ ನಿಜಾಮನಿಗೆ ಬಹುಮಾನವಾಗಿ ಕೊಟ್ಟರು. ಹೀಗೆ ಒಂದು ನಾಡನ್ನು ಉಂಗುರದಂತೆ ಕೈಯಿಂದ ಕೈಗೆ ದಾಟಿಸಲಾಯಿತು. ಟೇಲರ್ ಮಂಜಿಲಿನ ಮುಂದೆ ನಿಂತು ಕೆಳಗಿನ ಊರನ್ನು ನೋಡುವಾಗ, ಸಾಕಿದ ಅಪ್ಪನೂ ಸೆರೆಹಿಡಿದ ಪಕ್ಷದವನೂ ಆಗಿದ್ದ ಆ ಮನುಷ್ಯನ ರಾತ್ರಿಗಳು ಹೇಗೆ ಕಳೆದಿರಬೇಕೆಂದು ನನಗೆ ಅನ್ನಿಸಿತು.

ಟೇಲರನಿಗೆ ಇನ್ನೊಂದು ಹವ್ಯಾಸವಿದ್ದಿತು. ರಾಜನಕೋಳೂರು, ಜೇವರ್ಗಿಗಳ ಹೊಲಗಳಲ್ಲಿ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಪ್ರಾಚೀನ ಸಮಾಧಿಗಳನ್ನು ಅವನು ಅಗೆಸಿ, ಅಳೆಸಿ, ಚಿತ್ರ ಬರೆದು, ಯೂರೋಪಿನ ಅಂತಹವೇ ಸಮಾಧಿಗಳೊಡನೆ ಹೋಲಿಸಿ ಲೇಖನಗಳನ್ನು ಪ್ರಕಟಿಸಿದನು. ದಕ್ಷಿಣ ಭಾರತದ ಪುರಾತತ್ತ್ವ ಶಾಸ್ತ್ರದಲ್ಲಿ ಆ ಲೇಖನಗಳಿಗೆ ಇಂದಿಗೂ ಬೆಲೆಯಿದೆ. ಆದರೆ ಅವನ ಕಾಲಕೆಳಗೇ ಇದ್ದ ಅದಕ್ಕಿಂತ ಬಹಳ ಹಳೆಯ ಸಂಪತ್ತು ಬೆಳಕಿಗೆ ಬಂದುದು ನೂರು ವರ್ಷಕ್ಕೂ ಮಿಕ್ಕು ಕಳೆದ ಮೇಲೆ. ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರಾದ ಕೆ. ಪದ್ದಯ್ಯನವರು ತಮ್ಮ ಜೀವಮಾನದ ಬಹುಭಾಗವನ್ನು ಈ ಸೀಮೆಗೆ ಕೊಟ್ಟರು. ಹುಣಸಗಿ, ಬೈಚಬಾಳ ಕಣಿವೆಗಳನ್ನು ಹೊಲ ಹೊಲವಾಗಿ, ಹಳ್ಳ ಹಳ್ಳವಾಗಿ ನಡೆದು ಆದಿಮಾನವನ ನೆಲೆಗಳನ್ನು ಗುರುತಿಸಿದರು.

ಅವುಗಳಲ್ಲಿ ಇಸಾಂಪುರದ್ದು ಹೆಚ್ಚಿನ ಕಥೆ. 1983ರಲ್ಲಿ, ಕಾಲುವೆಯ ಕೆಲಸಕ್ಕೆಂದು ಮೇಲಿನ ಮಣ್ಣನ್ನು ತೆಗೆದಾಗ ಕೆಳಗಿನ ಸುಣ್ಣಕಲ್ಲಿನ ಹಾಸು ಕಾಣಿಸಿತು. ಅದರ ಮೇಲೆ ಕೈಗೊಡಲಿಗಳು, ಸೀಳುಗತ್ತಿಗಳು, ಚಕ್ಕೆಗಳು, ಹೊಡೆಯುವ ಗುಂಡುಕಲ್ಲುಗಳು ಕೆಲಸಗಾರರು ಈಗತಾನೇ ಎದ್ದುಹೋದಂತೆ ಬಿದ್ದಿದ್ದವು. 1997ರಿಂದ ಅಲ್ಲಿ ಉತ್ಖನನ ನಡೆಯಿತು. ಅದು ವಾಸದ ಸ್ಥಳವಷ್ಟೇ ಅಲ್ಲ, ಒಂದು ಕಾರ್ಖಾನೆ: ಚಪ್ಪಡಿಯನ್ನು ಆರಿಸಿ ಎಬ್ಬಿಸಿ, ಅಂಚನ್ನು ಒಡೆದು, ಕೈಗೆ ಹೊಂದುವಂತೆ ಕೆತ್ತಿದ ಒಂದೊಂದು ಹಂತವೂ ಅಲ್ಲಿ ಕಾಣುತ್ತದೆ. ಅಲ್ಲಿಯೇ ಸಿಕ್ಕಿದ ಪ್ರಾಣಿಯ ಹಲ್ಲಿನ ಕವಚವನ್ನು ಪರೀಕ್ಷಿಸಿ, ಈ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದೆಂದು 2002ರಲ್ಲಿ ಪ್ರಕಟಿಸಿದರು. ಹನ್ನೆರಡು ಲಕ್ಷ! ನಮ್ಮ ಜಾತಿಯ ಮನುಷ್ಯನೇ ಇನ್ನೂ ಹುಟ್ಟಿರಲಿಲ್ಲ. ಆ ಜೀವಿಗಳು ಏನನ್ನು ತಿಂದು ಬದುಕಿದ್ದವೆಂಬುದನ್ನೂ ಪದ್ದಯ್ಯನವರು ಆಲೋಚಿಸಿದರು. ಮಳೆಗಾಲದಲ್ಲಿ ನೀರು ಎಲ್ಲೆಡೆ ಇರುವಾಗ ಚಿಕ್ಕ ಚಿಕ್ಕ ಗುಂಪುಗಳಾಗಿ ಚದುರಿ ಗೆಡ್ಡೆ, ಹಣ್ಣು, ಬೀಜ, ಸೊಪ್ಪುಗಳನ್ನು ಆಯ್ದುಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಬತ್ತದ ಬುಗ್ಗೆಗಳ ಸುತ್ತ ಒಟ್ಟಾಗಿ ಸೇರಿ ಬೇಟೆಯನ್ನು ಹೆಚ್ಚಾಗಿ ನಂಬುತ್ತಿದ್ದರು ಎಂಬುದು ಅವರ ಊಹೆ. ಇದಕ್ಕಾಗಿ ಅವರು ಇಂದಿನ ಹಳ್ಳಿಗರು ಆಯ್ದು ತಿನ್ನುವ ಕಾಡುಸಸ್ಯಗಳನ್ನೂ ಪರಿಶೀಲಿಸಿದರು. ಸುರಪುರದ ಮುದುಕಿಗೆ ಗೊತ್ತಿದ್ದ ಸೊಪ್ಪಿನ ಹೆಸರು ಹೀಗೆ ಶಾಸ್ತ್ರದ ಗ್ರಂಥವನ್ನು ಸೇರಿತು.

ಅದೇ ಸೀಮೆಯ ಬೂದಿಹಾಳದಲ್ಲಿ ಇನ್ನೊಂದು ಆಶ್ಚರ್ಯ. ಹೆಸರೇ ಹೇಳುವಂತೆ ಅಲ್ಲಿರುವುದು ಬೂದಿಯ ದಿಬ್ಬ. ಬಳ್ಳಾರಿಯ ಕಡೆ ಇಂತಹ ದಿಬ್ಬಗಳನ್ನು ರಾಕ್ಷಸರ ಚಿತೆಯೆಂದು ಹೇಳುವುದುಂಟು. ನಿಜವಾಗಿ ಇದು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನಗಾಹಿಗಳ ದೊಡ್ಡಿ. ದೊಡ್ಡಿಯಲ್ಲಿ ಕೂಡಿದ ಸೆಗಣಿಯನ್ನು ಆಗಾಗ ಸುಟ್ಟು ಸುಟ್ಟು ದಿಬ್ಬವೇ ಬೆಳೆಯಿತು. 1989ರಿಂದ ಪದ್ದಯ್ಯನವರ ತಂಡ ಇಲ್ಲಿ ಹಲವು ವರ್ಷ ಅಗೆದು, ದೊಡ್ಡಿಯ ಪಕ್ಕದಲ್ಲಿ ಜನರ ಮನೆಗಳನ್ನೂ, ಕಲ್ಲಿನ ಅಲಗುಗಳನ್ನು ಮಾಡುವ ಸ್ಥಳವನ್ನೂ, ಪ್ರಾಣಿಗಳನ್ನು ಕಡಿಯುವ ಅಂಗಳವನ್ನೂ, ಮಡಕೆಯಲ್ಲಿಟ್ಟು ಹೂತ ಎಳೆಯ ಮಕ್ಕಳ ಗೋರಿಗಳನ್ನೂ ಕಂಡಿತು. ದಕ್ಷಿಣದ ಆ ಕಾಲದ ಜನ ಬೆಳೆದು ಉಣ್ಣುತ್ತಿದ್ದ ಮುಖ್ಯ ಧಾನ್ಯಗಳೂ ಈಗ ಗೊತ್ತಾಗಿವೆ: ಹುರುಳಿ, ಹೆಸರು, ಕೊರಲೆಯಂತಹ ಸಣ್ಣ ಕಿರುಧಾನ್ಯಗಳು. ಸುಟ್ಟು ಕರಿಕಾದ ಕಾಳುಗಳು ಮಣ್ಣಿನಲ್ಲಿ ಉಳಿದು ಸಾಕ್ಷಿ ನುಡಿದಿವೆ.

ಇಷ್ಟೆಲ್ಲ ನೋಡಿ ಸುರಪುರಕ್ಕೆ ಹಿಂದಿರುಗುವಾಗ ಮಧ್ಯಾಹ್ನ ಎರಡು ಗಂಟೆ. ಹೊಟ್ಟೆ ತನ್ನ ಪುರಾತತ್ತ್ವವನ್ನು ಆರಂಭಿಸಿದ್ದಿತು. ಈ ಕಡೆಯ ಊರುಗಳಲ್ಲಿ ಊಟಕ್ಕೆ ಹುಡುಕಬೇಕಾದುದು ದೊಡ್ಡ ಫಲಕದ ಹೋಟೆಲನ್ನಲ್ಲ, ಲಿಂಗಾಯತ ಖಾನಾವಳಿಯನ್ನು. ನಾವು ಹೊಕ್ಕದ್ದು ಒಂದು ಮನೆಯ ಪಡಸಾಲೆಯನ್ನು. ಹಿತ್ತಿಲಿನ ಬೇವಿನ ನೆರಳು ಒಳಗೆ ಬೀಳುತ್ತಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ತಾಳ ತಪ್ಪದೆ ಕೇಳುತ್ತಿತ್ತು. ಜೋಳದ ಹಿಟ್ಟಿಗೆ ಗೋಧಿಯ ಹಿಟ್ಟಿನ ಜಿಗುಟಿಲ್ಲ. ಆದುದರಿಂದ ಕುದಿಯುವ ಎಸರನ್ನು ಸುರಿದು ಹಿಟ್ಟನ್ನು ಅರೆಬೇಯಿಸಿ, ಆ ಬಿಸಿಯಲ್ಲಿಯೇ ನಾದಿ, ಲಟ್ಟಣಿಗೆಯನ್ನು ಮುಟ್ಟದೆ ಬರಿಯ ಅಂಗೈಯಿಂದ ಬಡಿದು ಅಗಲ ಮಾಡುತ್ತಾರೆ. ಹಂಚಿನ ಮೇಲೆ ಹಾಕಿದ ಕೂಡಲೆ ಮೇಲೆ ಒದ್ದೆಬಟ್ಟೆಯನ್ನು ಸವರುವುದುಂಟು. ಅದರಿಂದ ಹಿಟ್ಟು ಬಿರಿಯದೆ, ಮಗುಚಿದಾಗ ರೊಟ್ಟಿ ಚೆಂಡಿನಂತೆ ಉಬ್ಬುತ್ತದೆ. ಇದನ್ನೇ ಒಣಗಿಸಿ ಕಟಕ ರೊಟ್ಟಿ ಮಾಡಿದರೆ ವಾರಗಟ್ಟಲೆ ಕೆಡುವುದಿಲ್ಲ. ಒಣಹವೆಯ ನಾಡು ಕಂಡುಕೊಂಡ ಬುತ್ತಿ ಇದು. ಕರಾವಳಿಯ ತೇವದಲ್ಲಿ ಇದು ಎರಡು ದಿನವೂ ಗರಿಗರಿಯಾಗಿ ಉಳಿಯದು.

ತಾಟಿನ ಸುತ್ತ ಬಂದುವು ನೋಡಿ: ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ತೊಗರಿಬೇಳೆ, ಮೊಳಕೆ ಹೆಸರಿನ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಹಸಿಯ ಮೆಂತ್ಯದ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ. ತೆಂಗಿನಕಾಯಿಯ ಚೂರೂ ಇಲ್ಲ; ಮಂಗಳೂರಿನವರಿಗೆ ಇದು ಅಡಿಗೆಯೇ ಎಂದು ಅನ್ನಿಸೀತು. ಕಾಯಿಯ ಕೆಲಸವನ್ನು ಇಲ್ಲಿ ಶೇಂಗಾ, ಎಳ್ಳು, ಗುರೆಳ್ಳು ಮಾಡುತ್ತವೆ. ಹಾಲು ತುಪ್ಪಗಳನ್ನೂ ವರ್ಜಿಸಿ ಗಿಡದಿಂದ ಬಂದುದನ್ನು ಮಾತ್ರ ತಿನ್ನುವುದು ಪಶ್ಚಿಮ ದೇಶಗಳಲ್ಲಿ ಹೊಸದೊಂದು ವ್ರತವಾಗಿ ಹಬ್ಬುತ್ತಿದೆ. ಅಂತಹವರು ಈ ತಾಟಿನ ಮುಂದೆ ಕುಳಿತು ಕೊನೆಯಲ್ಲಿ ಬರುವ ಮೊಸರನ್ನು ಬೇಡವೆಂದರೆ ಮುಗಿಯಿತು, ವ್ರತಭಂಗದ ಭಯವಿಲ್ಲ. ಹಾಗೆಂದು ಇದು ಸಸ್ಯಾಹಾರಿಗಳ ನಾಡೆಂದು ಯಾರೂ ತಿಳಿಯಬಾರದು. ಸುರಪುರದ ನಾಯಕರು ಬೇಟೆಗೆ ಹೆಸರಾದವರು. ಖಾನಾವಳಿಯದು ಒಂದು ಪಂಗಡದ ಶೀಲ. ದಿನನಿತ್ಯದ ರೊಟ್ಟಿ ಪಲ್ಯ ಮಾತ್ರ ಎಲ್ಲ ಮನೆಗಳದೂ.

ಇಸಾಂಪುರ, ಬೂದಿಹಾಳಗಳನ್ನು ನೋಡಿಬಂದ ಕಣ್ಣಿಗೆ ಆ ತಾಟೂ ಪದರ ಪದರವಾಗಿ ಕಾಣತೊಡಗಿತು. ಹೆಸರುಕಾಳು ಬೂದಿದಿಬ್ಬದ ಜನರ ಕಾಲದ್ದು. ತೊಗರಿ, ಬದನೆಗಳೂ ನಮ್ಮ ದೇಶದವೇ. ಆದರೆ ಈ ನಾಡಿನ ಹೆಗ್ಗುರುತಾದ ಜೋಳ ಆಫ್ರಿಕದಿಂದ ಬಂದುದು. ಬಂದು ನಾಲ್ಕು ಸಾವಿರ ವರ್ಷದ ಆಸುಪಾಸು ಆಗಿದೆ. ಗುರೆಳ್ಳಿನ ತವರು ಇಥಿಯೋಪಿಯ. ಪುಂಡಿಯೂ ಆಫ್ರಿಕದ ಕಡೆಯದು. ಅಗಸಿ ಪಶ್ಚಿಮ ಏಷ್ಯದ್ದು. ಮೆಣಸಿನಕಾಯಿಯೂ ಶೇಂಗಾವೂ ಪೋರ್ಚುಗೀಸರು ಬಂದ ಮೇಲೆ ಅಮೆರಿಕ ಖಂಡದಿಂದ ಬಂದ ಎಳೆಯ ಅತಿಥಿಗಳು. ವಾಗಣಗೇರಿಯ ಮುತ್ತಿಗೆಯ ಕಾಲಕ್ಕೆ ಮೆಣಸಿನಕಾಯಿ ದಖ್ಖನಕ್ಕೆ ಪರಿಚಿತವಾಗಿತ್ತು. ಬಸವಣ್ಣನವರ ಕಾಲದ ದಾಸೋಹದಲ್ಲಿ ಅದು ಇರಲೇ ಇಲ್ಲ. ಕಾಳುಮೆಣಸಿನ ಖಾರದಲ್ಲಿ ಶರಣರು ಉಂಡಿರಬೇಕು. ಈ ವಿಚಾರವನ್ನು ಬಡಿಸುತ್ತಿದ್ದ ತಾಯಿಗೆ ಹೇಳಿದೆ. ಆಕೆ ನಕ್ಕು, “ಎಲ್ಲಿಂದರ ಬರ್ಲಿ ಬಿಡ್ರಿ ಅಣ್ಣಾರ, ನಮ್ಮ ಹೊಲದಾಗ ಬೆಳೆದ್ರ ನಮ್ಮದ. ಇನ್ನೊಂದು ರೊಟ್ಟಿ ಹಾಕ್ಲೇನ್ರಿ?” ಎಂದರು. ಹಾಕಿಯೂ ಬಿಟ್ಟರು.

ಆದರೆ ಹೊಲದಲ್ಲಿ ಬೆಳೆಯುವುದು ಈಗ ಬದಲಾಗುತ್ತಿದೆ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು, ಅದರ ಎಡದಂಡೆಯ ಕಾಲುವೆ ಸುರಪುರ ಶಹಾಪುರಗಳ ಹೊಲಗಳಿಗೆ ನೀರನ್ನು ತಂದಿತು. ಬರಗಾಲದಲ್ಲಿ ಬೆಂದು, ವರ್ಷವರ್ಷವೂ ಗುಳೆ ಹೋಗುತ್ತಿದ್ದ ಸೀಮೆಗೆ ನೀರು ಬಂದುದನ್ನು ಆಕ್ಷೇಪಿಸುವ ಎದೆ ಯಾರಿಗಿದೆ? ನನಗಂತೂ ಇಲ್ಲ. ನೀರು ಬಂದೊಡನೆ ಭತ್ತವೂ ಬಂದಿತು. ಹಿಂಗಾರಿಯ ಬಿಳಿಜೋಳಕ್ಕೆ ಕಾಲುವೆ ಬೇಕಿಲ್ಲ. ಭಾದ್ರಪದ ಆಶ್ವಯುಜಗಳಲ್ಲಿ ಬಿತ್ತಿದರೆ ಎರೆಯ ಮಣ್ಣು ಹಿಡಿದಿಟ್ಟ ಹಸಿಯಲ್ಲಿ, ಇಬ್ಬನಿಯನ್ನು ಕುಡಿದು, ಶಿವರಾತ್ರಿಯ ಹೊತ್ತಿಗೆ ಕೊಯ್ಲಿಗೆ ನಿಲ್ಲುತ್ತದೆ. ಕಾಳು ಮನುಷ್ಯನಿಗೆ, ಕಣಿಕೆ ದನಕ್ಕೆ. ಭತ್ತದ ಗದ್ದೆಗೆ ನೆಲ ಮಟ್ಟಸವಾಗಬೇಕು, ನೀರು ನಿಲ್ಲಬೇಕು. ಎರೆನೆಲದಲ್ಲಿ ನೀರು ನಿಂತು ನಿಂತು ಸವಳು ಜವಳಾಗುವುದನ್ನು ಈ ಸೀಮೆಯ ರೈತರೂ ಕಾಣುತ್ತಿದ್ದಾರೆ. ಮಟ್ಟಸ ಮಾಡುವ ಯಂತ್ರವು ಹೊಲದ ಏರುಪೇರನ್ನು ಕೆರೆಯುವಾಗ, ಲಕ್ಷಗಟ್ಟಲೆ ವರ್ಷ ಅಲುಗದೆ ಬಿದ್ದಿದ್ದ ಕಲ್ಲುಗೊಡಲಿಗಳೂ ಚಕ್ಕೆಗಳೂ ಮಣ್ಣಿನೊಡನೆ ಬೆರೆತು ಬದುವಿಗೆ ಸೇರುತ್ತವೆ. ಹುಣಸಗಿಯ ಕಣಿವೆಯಲ್ಲಿ ಅನೇಕ ನೆಲೆಗಳು ಹೀಗೆ ಅಳಿದುದನ್ನು ಪದ್ದಯ್ಯನವರೇ ದುಃಖದಿಂದ ದಾಖಲಿಸಿದ್ದಾರೆ. ಇಸಾಂಪುರವನ್ನು ತೆರೆದು ತೋರಿದ್ದೂ ಕಾಲುವೆ, ಅದರ ನೆರೆಹೊರೆಯ ನೆಲೆಗಳನ್ನು ಅಳಿಸಿದ್ದೂ ಕಾಲುವೆ.

ರೈತನನ್ನು ಇದಕ್ಕೆ ದೂಷಿಸುವುದು ಅನ್ಯಾಯ. ಅವನ ಹೊಲದಲ್ಲಿರುವ ಕಲ್ಲು ಎಷ್ಟು ಹಳೆಯದೆಂದು ಅವನಿಗೆ ಯಾರು ಹೇಳಿದ್ದಾರೆ? ಅಗೆದು ತೆಗೆದ ವಸ್ತುಗಳು ಅಭ್ಯಾಸಕ್ಕೆಂದು ಪುಣೆಯನ್ನು ಸೇರಿದುವು. ವರದಿಗಳು ಇಂಗ್ಲಿಷಿನಲ್ಲಿ ಅಚ್ಚಾದುವು. ಇಸಾಂಪುರದ ಹುಡುಗ ತನ್ನ ಊರಿನ ಕೈಗೊಡಲಿಯನ್ನು ಕಣ್ಣಾರೆ ಕಾಣಲು ಐದುನೂರು ಕಿಲೋಮೀಟರಿನಷ್ಟು ದೂರ ಪ್ರಯಾಣ ಮಾಡಬೇಕೆ? ಅವುಗಳಲ್ಲಿ ಹತ್ತನ್ನಾದರೂ ತರಿಸಿ, ಸುರಪುರದ ಕಿರುಚಿತ್ರಗಳ ನಾಲ್ಕು ಒಳ್ಳೆಯ ಮಾದರಿಗಳೊಡನೆ, ಟೇಲರ್ ಮಂಜಿಲಿನ ಒಂದು ಕೋಣೆಯಲ್ಲಿ ಕನ್ನಡದ ವಿವರಣೆಗಳೊಂದಿಗೆ ಇಟ್ಟರೆ ಸಾಕು. ಕಲಬುರಗಿಯ ಸರಕಾರಿ ವಸ್ತುಸಂಗ್ರಹಾಲಯವನ್ನು ಹಳೆಯ ಗುಮ್ಮಟಗಳಲ್ಲಿ ನೆಲೆಗೊಳಿಸಿದ್ದಾರೆ. ಗುಡ್ಡದ ಮೇಲಿನ ಈ ಬಂಗಲೆಯೂ ಆ ಕೆಲಸಕ್ಕೆ ಒದಗೀತು. ಹೊಲವನ್ನು ಮಟ್ಟಸ ಮಾಡುವ ಮುನ್ನ ಒಂದು ದಿನ ಬಂದು ನೋಡಿಹೋಗುವ ತಿಳಿದವರೊಬ್ಬರು ತಾಲೂಕಿಗೆ ಇದ್ದರೆ ಇನ್ನೂ ಲೇಸು.

ನೋಡಲು ಹೋಗುವವರು ಎಳ್ಳಮಾವಾಸ್ಯೆಯ ಹೊತ್ತಿಗೆ ಹೋಗಬೇಕು. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಈ ಹಬ್ಬದ ದಿನ ಊರುಗಳೆಲ್ಲ ಬರಿದಾಗುತ್ತವೆ. ಗಾಡಿಗಳೂ ಟ್ರಾಕ್ಟರುಗಳೂ ಹೊಲದ ಹಾದಿ ಹಿಡಿಯುತ್ತವೆ. ನಿಂತ ಜೋಳದ ನಡುವೆ, ಬನ್ನಿಯ ಮರದ ಕೆಳಗೆ ಪೂಜೆಯಾಗಿ, ಹೊಲದ ನಾಲ್ಕು ಮೂಲೆಗೂ ಚರಗ ಚೆಲ್ಲಿದ ಮೇಲೆ ಊಟ. ಸಜ್ಜೆಯ ರೊಟ್ಟಿ, ಹತ್ತಾರು ಕಾಯಿ ಕಾಳು ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಶೇಂಗಾ ಹೋಳಿಗೆ, ಕಡುಬು. ದಾರಿಹೋಕನನ್ನೂ ಕರೆದು ಕೂಡಿಸುತ್ತಾರೆ, ಬೇಡವೆನ್ನುವುದು ಸಲ್ಲದು. ಇನ್ನು ಹದಿನೈದು ದಿನ ತಡೆದು ಹೋದವರಿಗೆ ಸೀತನಿ ದೊರೆಯುತ್ತದೆ: ಹಾಲುದುಂಬಿದ ಎಳೆಯ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಊದಿ, ಬೆಲ್ಲದೊಡನೆ ಕೊಡುತ್ತಾರೆ. ಯಾದಗಿರಿಯಲ್ಲಿ ರೈಲಿನಿಂದಿಳಿದರೆ ಶಹಾಪುರಕ್ಕೂ ಸುರಪುರಕ್ಕೂ ಬಸ್ಸುಗಳಿವೆ. ಹುಣಸಗಿ, ಇಸಾಂಪುರ, ಬೂದಿಹಾಳಗಳಿಗೆ ಮಾತ್ರ ಸ್ವಂತ ವಾಹನವೂ, ದಾರಿ ತೋರಿಸುವ ಒಬ್ಬ ಹಳ್ಳಿಗನೂ, ತಲೆಗೊಂದು ಟವೆಲೂ ಬೇಕು. ಅಲ್ಲಿ ಕಂಡ ಕಲ್ಲನ್ನು ಜೇಬಿಗೆ ಹಾಕಿಕೊಳ್ಳದೆ ಬಿದ್ದಲ್ಲಿಯೇ ಬಿಟ್ಟುಬನ್ನಿ.